ಹತ್ತಿಯ ಸಾಲ, ಬಣ್ಣದ ಕೂಲಿ

(ರೈತ ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಲೆ ಮತ್ತು ಸಾಲದ ವಿಚಾರ ಮಾತಾಡಬೇಕಾದ ಕಡೆ ಅಮೆರಿಕದ ಕಪ್ಪು ವಿದ್ವಾಂಸನೊಬ್ಬನ ಮಾತು ಯಾಕೆ ಅಂತ ನಿಮ್ಮಲ್ಲಿ ಕೆಲವರು ಕೇಳಿದಿರಿ. ಕೇಳಿದ್ದು ಸರಿಯೇ. ಉತ್ತರ ಕೊಡುವ ಮುಂಚೆ ಒಂದು ಲೆಕ್ಕ ಹೇಳುತ್ತೇನೆ, ಕೇಳಿ.

ಅಮೆರಿಕದ ದಕ್ಷಿಣ ಸೀಮೆಯಲ್ಲಿ ಜಾರ್ಜಿಯ ಅಂತ ಒಂದು ರಾಜ್ಯ. ಅದರಲ್ಲಿ ಡಾಹರ್ಟಿ ಅಂತ ಒಂದು ಜಿಲ್ಲೆ. ಹತ್ತಿಯ ನಾಡು. ಬೆಳೆಯುವವರಲ್ಲಿ ಬಹುಪಾಲು ಕರಿಯರು, ಅಂದರೆ ಹಿಂದಿನ ಗುಲಾಮರು ಮತ್ತು ಅವರ ಮಕ್ಕಳು. 1860ರಲ್ಲಿ ಒಂದು ಪೌಂಡು ಹತ್ತಿಗೆ ಸುಮಾರು 14 ಸೆಂಟ್ ಇದ್ದ ಧಾರಣೆ 1898ರ ಹೊತ್ತಿಗೆ 4 ಸೆಂಟಿಗೆ ಬಂದು ನಿಂತಿತ್ತು. ಆ ವರ್ಷ ಅಲ್ಲಿನ 300 ಗೇಣಿ ಕುಟುಂಬಗಳ ಜಮಾಖರ್ಚು ನೋಡಿದರೆ, 175 ಕುಟುಂಬಗಳು ವರ್ಷವಿಡೀ ದುಡಿದು ಕೊನೆಗೆ 14,000 ಡಾಲರ್ ಸಾಲದಲ್ಲಿ ಉಳಿದವು. 50 ಕುಟುಂಬಗಳಿಗೆ ಲಾಭವೂ ಇಲ್ಲ, ಸಾಲವೂ ಇಲ್ಲ, ಬರಿಗೈ. ಉಳಿದ 75 ಕುಟುಂಬಗಳಿಗೆ ಎಲ್ಲ ಸೇರಿ 1,600 ಡಾಲರ್ ಉಳಿಯಿತು. ತಲಾ 21 ಡಾಲರ್ ಚಿಲ್ಲರೆ, ಒಂದು ಇಡೀ ವರ್ಷಕ್ಕೆ, ಒಂದು ಇಡೀ ಕುಟುಂಬಕ್ಕೆ.

ಸಾಹುಕಾರನ ಖಾತೆ ಪುಸ್ತಕದ ಒಳಗೆ ಇಣುಕಿ ಈ ಲೆಕ್ಕ ಬರೆದವರು ಡಬ್ಲ್ಯು.ಇ.ಬಿ. ಡುಬಾಯ್ಸ್. 1868ರಲ್ಲಿ ಉತ್ತರದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಸಣ್ಣ ಊರಿನಲ್ಲಿ ಹುಟ್ಟಿದವರು. ಗುಲಾಮಗಿರಿ ರದ್ದಾಗಿ ಆಗ ಮೂರು ವರ್ಷವೂ ಸರಿಯಾಗಿ ಆಗಿರಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ಮೊದಲ ಕರಿಯ ಅವರೇ, 1895ರಲ್ಲಿ. ಅದಕ್ಕೂ ಮುಂಚೆ ಬರ್ಲಿನ್‌ನಲ್ಲಿ ಓದುವಾಗ ಅವರು ಆರಿಸಿಕೊಂಡ ವಿಷಯ ಏನು ಗೊತ್ತೆ? ತಮ್ಮ ದೇಶದ ದಕ್ಷಿಣ ಸೀಮೆಯ ಒಕ್ಕಲುತನ. ದೊಡ್ಡ ಹಿಡುವಳಿ ಹೇಗೆ ನಡೆಯುತ್ತದೆ, ಸಣ್ಣ ಹಿಡುವಳಿ ಹೇಗೆ ನಡೆಯುತ್ತದೆ ಎಂಬುದು. ಕಾಲೇಜು ಹುಡುಗನಾಗಿದ್ದಾಗ ಬೇಸಗೆ ರಜೆಯಲ್ಲಿ ಟೆನೆಸಿ ರಾಜ್ಯದ ಹಳ್ಳಿಯೊಂದರಲ್ಲಿ ಮರದ ದಿಮ್ಮಿಯ ಗುಡಿಸಲಿನಲ್ಲಿ ಪಾಠ ಹೇಳಿದ್ದರು. ಮಕ್ಕಳು ಶಾಲೆಗೆ ಬರದಿದ್ದರೆ ಮನೆಗೆ ಹೋಗಿ ಕೇಳುತ್ತಿದ್ದರು. ಬೆಳೆ ನಿಂತಿದೆ ಮೇಷ್ಟ್ರೇ, ಕೈ ಸಾಲದು ಅನ್ನುವ ಉತ್ತರ ಸಿಗುತ್ತಿತ್ತು. ಈ ಉತ್ತರ ನಮಗೇನು ಹೊಸದೆ?

ಅವರು 1903ರಲ್ಲಿ ಪ್ರಕಟಿಸಿದ 'ದಿ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್' ಪುಸ್ತಕದಲ್ಲಿ ಬೆಳೆ ಅಡವಿನ ಪದ್ಧತಿಯನ್ನು ಬಿಡಿಸಿ ಇಟ್ಟಿದ್ದಾರೆ. ಅದನ್ನು ಸ್ವಲ್ಪ ನಿಧಾನವಾಗಿಯೇ ನೋಡೋಣ, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಮಾರ್ಚ್ ತಿಂಗಳಲ್ಲಿ ಗೇಣಿದಾರ ಅಂಗಡಿಯವನ ಹತ್ತಿರ ಹೋಗುತ್ತಾನೆ. ಹೇಸರಗತ್ತೆ ಮತ್ತು ಗಾಡಿಯನ್ನು ಅಡವು ಬರೆದುಕೊಟ್ಟರೆ ಬೀಜ ಸಿಗುತ್ತದೆ, ಜೊತೆಗೆ ಒಂದು ವಾರದ ದಿನಸಿ. ಹೊಲದಲ್ಲಿ ಹತ್ತಿಯ ಎಲೆ ಹಸುರಾಗಿ ಕಂಡ ಕೂಡಲೇ ಇನ್ನೊಂದು ಕಾಗದ. ಈಗ ನಿಂತ ಬೆಳೆಯೇ ಅಡವು. ಆಮೇಲೆ ಪ್ರತಿ ಶನಿವಾರ ಅಂಗಡಿಗೆ ಹೋಗಿ ಉದ್ರಿ ತರಬೇಕು. ಐದು ಜನರ ಮನೆಗೆ ತಿಂಗಳಿಗೆ ಒಂದಿಷ್ಟು ಹಂದಿಯ ಕೊಬ್ಬು ಮಾಂಸ, ಒಂದಿಷ್ಟು ಜೋಳದ ಹಿಟ್ಟು. ಉದ್ರಿಯ ದರ ಬೇರೆ, ನಗದಿನ ದರ ಬೇರೆ. ಯಾವ ಬೆಳೆ ಬೆಳೆಯಬೇಕು ಅನ್ನುವುದೂ ಇವನ ಕೈಯಲ್ಲಿಲ್ಲ. ಅಂಗಡಿಯವನಿಗೆ ಹತ್ತಿಯೇ ಬೇಕು. ಅದು ಕೊಳೆಯುವುದಿಲ್ಲ, ಯಾವಾಗ ಬೇಕಾದರೂ ಮಾರಬಹುದು, ಗೇಣಿದಾರ ಅದನ್ನು ತಿಂದು ಮುಗಿಸಲಾರ. ಹೊಟ್ಟೆಗೆ ಬೇಕಾದ್ದು ಬೆಳೆದುಕೊಳ್ಳುತ್ತೇನೆ ಅಂದರೆ ಸಾಲ ಹುಟ್ಟುವುದಿಲ್ಲ. ಹತ್ತಿಯ ಬೆಲೆ ಏರಿದರೆ ಗೇಣಿ ಅದಕ್ಕಿಂತ ಮುಂಚೆ ಏರುತ್ತದೆ, ಬೆಲೆ ಇಳಿದರೆ ಗೇಣಿಗೆ ಇಳಿಯುವುದು ನೆನಪಾಗುವುದಿಲ್ಲ. ಒಬ್ಬ ರೈತನನ್ನು ಎಷ್ಟು ಗೇಣಿ ಕೊಡುತ್ತೀಯಪ್ಪ ಅಂತ ಕೇಳಿದರೆ ಬೆಳೆದದ್ದೆಲ್ಲ ಅದಕ್ಕೇ ಅನ್ನುವ ಅರ್ಥದ ಉತ್ತರ ಬಂದಿತಂತೆ.

ಇಷ್ಟರವರೆಗೆ ಇದು ಬರೀ ಸಾಲದ ಕಥೆ. ಈ ಕಥೆಯನ್ನು ಯಾವ ಅರ್ಥಶಾಸ್ತ್ರಜ್ಞನಾದರೂ ಬರೆಯಬಹುದಿತ್ತು. ಆದರೆ ಡುಬಾಯ್ಸ್ ಇನ್ನೊಂದು ಸಂಗತಿ ಹೇಳುತ್ತಾರೆ. ಒಬ್ಬ ಕರಿಯ ಒಂದು ತುಂಡು ಜಮೀನನ್ನು ಕಂತು ಕಟ್ಟಿ ಕೊಂಡ. ಒಂದು ಸಲ ಅಲ್ಲ, ಮೂರು ಸಲ. ಮೂರು ಸಲವೂ ಮಾರಿದ ಬಿಳಿಯ ದುಡ್ಡನ್ನೂ ಇಟ್ಟುಕೊಂಡ, ಪತ್ರವನ್ನೂ ಇಟ್ಟುಕೊಂಡ. ಕೊಂಡವ ತನ್ನದೇ ಹೊಲದಲ್ಲಿ ದಿನಕ್ಕೆ 30 ಸೆಂಟ್ ಕೂಲಿಗೆ ನಿಂತ. ಇವನು ಯಾರ ಹತ್ತಿರ ದೂರು ಕೊಡಬೇಕು? ಕೋರ್ಟಿನ ಪಂಚರೆಲ್ಲ ಬಿಳಿಯರು, ಅಧಿಕಾರಿ ಬಿಳಿಯ, ಇವನಿಗೆ ಓಟು ಇಲ್ಲ. ಹೀಗೆ ಖಾತೆ ಪುಸ್ತಕದ ಬೆನ್ನಿಗೆ ಕೋರ್ಟು ನಿಂತಿದೆ, ಕೋರ್ಟಿನ ಬೆನ್ನಿಗೆ ಮತಪೆಟ್ಟಿಗೆ ನಿಂತಿದೆ. ಆ ಕಾಲದ ದೊಡ್ಡ ಕಪ್ಪು ನಾಯಕ ಬೂಕರ್ ಟಿ. ವಾಷಿಂಗ್ಟನ್ ಹೇಳುತ್ತಿದ್ದ ಬುದ್ಧಿವಾದ ಬೇರೆ: ಕಸುಬು ಕಲಿಯಿರಿ, ಉಳಿತಾಯ ಮಾಡಿ, ಜಮೀನು ಕೊಳ್ಳಿ, ರಾಜಕೀಯದ ಗೋಜು ಸದ್ಯಕ್ಕೆ ಬೇಡ. ಡುಬಾಯ್ಸ್ ಇದನ್ನು ಬಹಿರಂಗವಾಗಿಯೇ ವಿರೋಧಿಸಿದರು. ಓಟಿಲ್ಲದವನು ಕೊಂಡ ಜಮೀನನ್ನು ಉಳಿಸಿಕೊಳ್ಳುವುದು ಹೇಗೆ ಅನ್ನುವುದು ಅವರ ಪ್ರಶ್ನೆ.

ಅವರು ಮೊದಲಿನಿಂದ ಹೋರಾಟಗಾರರೇನೂ ಅಲ್ಲ. ಅಂಕಿ ಅಂಶ ಮುಂದಿಟ್ಟರೆ ಜನ ತಿದ್ದಿಕೊಳ್ಳುತ್ತಾರೆ ಅಂತ ನಂಬಿದ್ದ ಮೇಷ್ಟರು. ಆ ನಂಬಿಕೆ ಮುರಿದದ್ದು 1899ರಲ್ಲಿ. ಸ್ಯಾಮ್ ಹೋಸ್ ಎಂಬ ಕರಿಯ ಹೊಲದಾಳು ತನ್ನ ಧಣಿಯ ಜೊತೆ ಆದ ಜಗಳದಲ್ಲಿ ಧಣಿಯನ್ನು ಕೊಂದ. ಜಗಳ ಹತ್ತಿದ್ದು ಕೂಲಿ ಹಣಕ್ಕೆ. ವಿಚಾರಣೆ ಇಲ್ಲದೆ ಜನರ ಗುಂಪು ಅವನನ್ನು ಜೀವಂತ ಸುಟ್ಟಿತು. ಡುಬಾಯ್ಸ್ ಸಮಾಧಾನದ ಮಾತಿನ ಒಂದು ಪತ್ರ ಬರೆದುಕೊಂಡು ಅಟ್ಲಾಂಟದ ಪತ್ರಿಕಾ ಕಚೇರಿಗೆ ನಡೆದು ಹೊರಟಿದ್ದರು. ದಾರಿಯಲ್ಲಿ ಸುದ್ದಿ ತಿಳಿಯಿತು: ಸುಟ್ಟವನ ಕೈ ಗೆಣ್ಣುಗಳನ್ನು ಅದೇ ಬೀದಿಯ ಕಿರಾಣಿ ಅಂಗಡಿಯಲ್ಲಿ ನೋಡುವುದಕ್ಕೆ ಇಟ್ಟಿದ್ದಾರೆ. ಅವರು ಹಿಂದಿರುಗಿ ಮನೆಗೆ ಬಂದರು. 1909ರಲ್ಲಿ ಕರಿಯರ ಹಕ್ಕುಗಳ ರಾಷ್ಟ್ರೀಯ ಸಂಘ ಕಟ್ಟಿದವರಲ್ಲಿ ಅವರೂ ಒಬ್ಬರು. ಅದರ ಮಾಸಪತ್ರಿಕೆ 'ದಿ ಕ್ರೈಸಿಸ್' ಅನ್ನು 1910ರಿಂದ 1934ರವರೆಗೆ ನಡೆಸಿದರು.

ಈಗ ನಿಜವಾದ ಪ್ರಶ್ನೆಗೆ ಬರೋಣ. ಅದೇ ಅಂಗಡಿಯವನ ಅದೇ ಖಾತೆ ಪುಸ್ತಕದಲ್ಲಿ ಬಡ ಬಿಳಿಯ ರೈತನ ಹೆಸರೂ ಇತ್ತಲ್ಲ? ಸಣ್ಣ ಸಂಖ್ಯೆಯಲ್ಲೇನೂ ಅಲ್ಲ. 1930ರ ಹೊತ್ತಿಗೆ ದಕ್ಷಿಣದ ಗೇಣಿದಾರರಲ್ಲಿ ಕರಿಯರಿಗಿಂತ ಬಿಳಿಯರೇ ಹೆಚ್ಚಾಗಿದ್ದರು. ಅವನ ಹತ್ತಿಗೂ ಅದೇ 4 ಸೆಂಟ್. ಇಬ್ಬರೂ ಯಾಕೆ ಕೂಡಲಿಲ್ಲ?

ಕೂಡುವುದಕ್ಕೆ ನೋಡಿದ್ದರು. ಇದನ್ನು ನೀವು ತಿಳಿಯಲೇಬೇಕು, ಯಾಕೆಂದರೆ ಅದು ರೈತ ಚಳವಳಿಯ ಕಥೆ. 1880ರ ದಶಕದಲ್ಲಿ ಫಾರ್ಮರ್ಸ್ ಅಲೈಯನ್ಸ್ ಎಂಬ ರೈತ ಒಕ್ಕೂಟ ದಕ್ಷಿಣದಲ್ಲಿ ಬೆಂಕಿಯ ಹಾಗೆ ಹಬ್ಬಿತು. ಅದರ ಬೇಡಿಕೆಗಳನ್ನು ಕೇಳಿದರೆ ನಿಮ್ಮ ಬೇಡಿಕೆ ಪಟ್ಟಿಯನ್ನೇ ಓದಿದ ಹಾಗಾಗುತ್ತದೆ. ಸರ್ಕಾರ ಉಗ್ರಾಣ ಕಟ್ಟಬೇಕು, ರೈತ ಸುಗ್ಗಿಯಲ್ಲಿ ಮಾಲನ್ನು ಅಲ್ಲಿ ಇಡಬೇಕು, ಅದರ ಬೆಲೆಯ ನೂರಕ್ಕೆ 80ರಷ್ಟನ್ನು ಅತಿ ಕಡಿಮೆ ಬಡ್ಡಿಗೆ ಸಾಲ ಕೊಡಬೇಕು, ಬೆಲೆ ಬಂದಾಗ ಮಾರಬೇಕು. ಆದರೆ ಈ ಒಕ್ಕೂಟಕ್ಕೆ ಕರಿಯರನ್ನು ಸೇರಿಸಿಕೊಳ್ಳಲಿಲ್ಲ. 1886ರಲ್ಲಿ ಟೆಕ್ಸಾಸ್‌ನಲ್ಲಿ ಕರಿಯ ರೈತರ ಅಲೈಯನ್ಸ್ ಬೇರೆಯೇ ಹುಟ್ಟಿತು. ಎರಡೂ ಒಕ್ಕೂಟಗಳು ಕೆಲವು ವರ್ಷ ಪಕ್ಕಪಕ್ಕದಲ್ಲಿ ನಡೆದವು.

1891ರಲ್ಲಿ ಪರೀಕ್ಷೆ ಬಂತು. ಹತ್ತಿ ಬಿಡಿಸುವ ಕೂಲಿ ಆಗ 100 ಪೌಂಡಿಗೆ ಸುಮಾರು 50 ಸೆಂಟ್. ಅದನ್ನು ಒಂದು ಡಾಲರ್ ಮಾಡಿ ಅಂತ ಕರಿಯರ ಅಲೈಯನ್ಸ್ ಮುಷ್ಕರಕ್ಕೆ ಕರೆ ಕೊಟ್ಟಿತು. ಬಿಳಿಯರ ಅಲೈಯನ್ಸಿನ ಸದಸ್ಯರಲ್ಲಿ ಅನೇಕರು ಜಮೀನುಳ್ಳ ರೈತರು. ಹತ್ತಿ ಬಿಡಿಸುವವರು ಅವರ ಹೊಲದ ಆಳುಗಳು. ಹತ್ತಿಗೇ ಬೆಲೆ ಇಲ್ಲ, ಕೂಲಿ ಎಲ್ಲಿಂದ ತರೋಣ ಅನ್ನುವುದು ಅವರ ವಾದ. ಸುಳ್ಳು ವಾದವಲ್ಲ ಅದು, ನನಗೂ ಗೊತ್ತು, ನಿಮಗೂ ಗೊತ್ತು. ಆದರೆ ಅವರ ಮುಖಂಡರು ಕೊಟ್ಟ ಸಲಹೆ ಏನು? ಹತ್ತಿ ಹೊಲದಲ್ಲೇ ಒಣಗಿ ಹೋಗಲಿ, ಹೆಚ್ಚು ಕೂಲಿ ಕೊಡಬೇಡಿ. ಅರ್ಕನ್ಸಾ ರಾಜ್ಯದ ಲೀ ಜಿಲ್ಲೆಯಲ್ಲಿ ಮುಷ್ಕರ ಹೂಡಿದವರನ್ನು ಕಾಡಿನಲ್ಲಿ ಬೆನ್ನಟ್ಟಿ 15 ಜನರನ್ನು ಕೊಂದರು. ಕರಿಯರ ಅಲೈಯನ್ಸ್ ಅಲ್ಲಿಂದ ಏಳಲಿಲ್ಲ. ಬಿಳಿಯ ರೈತರಿಗಾದರೂ ಉಗ್ರಾಣ ಸಿಕ್ಕಿತೆ? ಅದೂ ಇಲ್ಲ. ಜಾರ್ಜಿಯದ ಟಾಮ್ ವಾಟ್ಸನ್ 1892ರಲ್ಲಿ ಎರಡೂ ಬಣ್ಣದ ರೈತರನ್ನು ಒಂದೇ ಸಭೆಗೆ ಕರೆದು, ನಿಮ್ಮಿಬ್ಬರನ್ನೂ ಸುಲಿಯುವುದಕ್ಕೇ ಬೇರೆ ಇಟ್ಟಿದ್ದಾರೆ ಅನ್ನುವ ಅರ್ಥದ ಮಾತಾಡಿದವರು. ಅದೇ ಮನುಷ್ಯ ಆಮೇಲೆ ಕರಿಯರ ಮೇಲೆ ವಿಷ ಕಾರುತ್ತ ತಿರುಗಿ 1920ರಲ್ಲಿ ಸೆನೆಟ್ಟಿಗೆ ಆರಿಸಿ ಹೋದರು. ರೈತ ಮುಖಂಡರ ಈ ಬಗೆಯ ಪಯಣ ಬೇರೆ ದೇಶಗಳಲ್ಲೂ ಕಂಡಿದೆ ಅಂತ ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

1919ರಲ್ಲಿ ಅದೇ ಅರ್ಕನ್ಸಾದ ಎಲೇನ್ ಎಂಬಲ್ಲಿ ಕರಿಯ ಕೋರುದಾರರು ಮತ್ತೆ ಒಂದು ಸಂಘ ಕಟ್ಟಿದರು. ಕೇಳಿದ್ದು ಇಷ್ಟೇ: ನಮ್ಮ ಹತ್ತಿಯನ್ನು ಎಷ್ಟಕ್ಕೆ ಮಾರಿದಿರಿ, ಬರಹದಲ್ಲಿ ಲೆಕ್ಕ ಕೊಡಿ. ಸೆಪ್ಟೆಂಬರ್ 30ರ ರಾತ್ರಿ ಚರ್ಚಿನಲ್ಲಿ ಸಭೆ ಸೇರಿದ್ದಾಗ ಗುಂಡು ಹಾರಿತು. ಆಮೇಲೆ ಕೆಲವು ದಿನ ಬೇಟೆ. ಸತ್ತ ಬಿಳಿಯರು ಐದು ಜನ, ಆ ಲೆಕ್ಕ ಸರಿಯಾಗಿ ಇದೆ. ಕರಿಯರ ಹೆಣಗಳನ್ನು ಎಣಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಗಲ್ಲಿನ ಶಿಕ್ಷೆ ಆದದ್ದು ಮಾತ್ರ 12 ಜನ ಕರಿಯರಿಗೆ. ಡುಬಾಯ್ಸ್ ಅವರ ಸಂಘ ಕೋರ್ಟಿನಲ್ಲಿ ಬಡಿದಾಡಿತು. 1923ರಲ್ಲಿ ಸುಪ್ರೀಂ ಕೋರ್ಟು ಆ ವಿಚಾರಣೆಯ ರೀತಿಯನ್ನೇ ಪ್ರಶ್ನಿಸಿತು, ಕೊನೆಗೆ ಅವರೆಲ್ಲ ಬಿಡುಗಡೆಯಾದರು.

ಇದನ್ನೆಲ್ಲ ಕಂಡ ಮನುಷ್ಯ ಮಾರ್ಕ್ಸ್‌ನ ಕಡೆ ಹೋದದ್ದು ಆಶ್ಚರ್ಯವಲ್ಲ. 1926ರಲ್ಲಿ ರಷ್ಯ ನೋಡಿ ಬಂದರು. 1933ರಲ್ಲಿ ಅಟ್ಲಾಂಟ ವಿಶ್ವವಿದ್ಯಾಲಯದಲ್ಲಿ ಮಾರ್ಕ್ಸ್‌ನ ಪಾಠ ಹೇಳಿದರು. ಆದರೆ ಪುಸ್ತಕದಲ್ಲಿದ್ದದ್ದನ್ನು ಹಾಗೇ ಒಪ್ಪಿಸಲಿಲ್ಲ. ದುಡಿಯುವವರೆಲ್ಲ ಒಂದು, ಬಂಡವಾಳಗಾರ ಒಬ್ಬನೇ ಶತ್ರು ಅನ್ನುವ ಸೂತ್ರಕ್ಕೆ ಅವರು ಅಡ್ಡ ಹಾಕಿದರು. ಕರಿಯ ಕೂಲಿಯನ್ನು ಕೆಲಸದಿಂದ, ಸಂಘದಿಂದ, ಶಾಲೆಯಿಂದ ಹೊರಗೆ ಇಟ್ಟವನು ಬಿಳಿಯ ಕೂಲಿಕಾರನೇ ಆಗಿರುವಾಗ, ಅವನನ್ನು ಬಿಟ್ಟು ಲೆಕ್ಕ ಹೇಗೆ ಮುಗಿಸುವುದು?

ಇದಕ್ಕೆ ಅವರು ಕೊಟ್ಟ ಉತ್ತರ 1935ರ 'ಬ್ಲ್ಯಾಕ್ ರೀಕನ್‌ಸ್ಟ್ರಕ್ಷನ್' ಎಂಬ ದೊಡ್ಡ ಗ್ರಂಥದಲ್ಲಿದೆ. ಬಡ ಬಿಳಿಯನಿಗೆ ಕೂಲಿ ಕಡಿಮೆ, ಬೆಲೆ ಕಡಿಮೆ. ಆದರೆ ಕಡಿಮೆ ಬಿದ್ದದ್ದಕ್ಕೆ ಬದಲಾಗಿ ಅವನಿಗೆ ಇನ್ನೊಂದು ಕೂಲಿ ಸಿಗುತ್ತಿತ್ತು. ದುಡ್ಡಿನದಲ್ಲ, ಮನಸ್ಸಿಗೆ ಸಲ್ಲುವ ಕೂಲಿ. ಕರಿಯ ಎದುರು ಬಂದರೆ ದಾರಿ ಬಿಡಬೇಕು. ಬಿಳಿಯನನ್ನು ಗೌರವದಿಂದ ಕರೆಯಬೇಕು. ಪಾರ್ಕು, ಒಳ್ಳೆಯ ಶಾಲೆ ಇವನಿಗೆ. ಪೊಲೀಸರು ಇವನ ಜನ, ಕೋರ್ಟಿನಲ್ಲಿ ಇವನಿಗೆ ವಿನಾಯಿತಿ, ಓಟು ಇವನಿಗೆ. ಆ ಓಟಿನಿಂದ ಅವನ ಹತ್ತಿಯ ಬೆಲೆ ಒಂದು ಸೆಂಟೂ ಏರಲಿಲ್ಲ. ಆದರೂ ಆ ಹೆಮ್ಮೆಯನ್ನು ಬಿಟ್ಟು ಕರಿಯನ ಪಕ್ಕ ನಿಲ್ಲುವುದಕ್ಕೆ ಅವನು ಸಿದ್ಧನಿರಲಿಲ್ಲ. ಧಣಿಗೆ ಇದಕ್ಕಿಂತ ಅಗ್ಗದ ವ್ಯವಹಾರ ಯಾವುದಿದೆ, ನೀವೇ ಹೇಳಿ. ಬಣ್ಣ ಅನ್ನುವುದು ರಕ್ತದಲ್ಲಿ ಬಂದ ದ್ವೇಷ ಅಲ್ಲ, ವರ್ಷ ವರ್ಷ ಬಟವಾಡೆ ಮಾಡಿ ಉಳಿಸಿಕೊಂಡ ಒಂದು ಏರ್ಪಾಟು ಅನ್ನುವುದನ್ನು ಇಷ್ಟು ನೇರವಾಗಿ ಅವರಿಗಿಂತ ಮುಂಚೆ ಯಾರೂ ತೋರಿಸಿರಲಿಲ್ಲ ಅಂತ ನನ್ನ ಅಭಿಪ್ರಾಯ.

ಅದೇ ಗ್ರಂಥದ ಇನ್ನೊಂದು ಮಾತು. ಗುಲಾಮರಿಗೆ ಸ್ವಾತಂತ್ರ್ಯ ಯಾರೋ ದಾನ ಕೊಟ್ಟದ್ದು ಅಂತ ಶಾಲೆಯಲ್ಲಿ ಹೇಳಿಕೊಡುತ್ತಿದ್ದರು. ಡುಬಾಯ್ಸ್ ಹೇಳಿದ್ದು ಬೇರೆ: 1861ರಿಂದ 1865ರ ಅಂತರ್ಯುದ್ಧದಲ್ಲಿ ಸುಮಾರು ಐದು ಲಕ್ಷ ಗುಲಾಮರು ತೋಟಗಳನ್ನು ಬಿಟ್ಟು ಹೊರಟು ಹೋದರು, ಅದು ಒಂದು ಸಾರ್ವತ್ರಿಕ ಮುಷ್ಕರ. ಗೆದ್ದ ಮೇಲೆ ಅವರು ಕೇಳಿದ್ದು ಜಮೀನು. 1865ರ ಜನವರಿಯಲ್ಲಿ ಜನರಲ್ ಶರ್ಮನ್‌ನ ಆಜ್ಞೆಯ ಪ್ರಕಾರ ಕರಾವಳಿಯಲ್ಲಿ ಕುಟುಂಬಕ್ಕೆ 40 ಎಕರೆವರೆಗೆ ಹಂಚಿದರು. ಬಿತ್ತಿ ಬೆಳೆ ತೆಗೆಯುವಷ್ಟರಲ್ಲಿ ಅಧ್ಯಕ್ಷ ಆಂಡ್ರೂ ಜಾನ್ಸನ್ ಆ ಜಮೀನನ್ನು ಹಳೆಯ ಧಣಿಗಳಿಗೇ ವಾಪಸು ಕೊಡಿಸಿದರು. ಡಾಹರ್ಟಿಯ ಸಾಲದ ಬೀಜ ಅಲ್ಲಿ ಬಿತ್ತಿದ್ದು.

ಸಂಸ್ಕೃತಿ ಅಂದರೆ ಹಾಡು ಕುಣಿತ ಅಂತ ನಾವು ಪಕ್ಕಕ್ಕೆ ಸರಿಸುತ್ತೇವೆ. ಡುಬಾಯ್ಸ್ ಸರಿಸಲಿಲ್ಲ. 1903ರ ಪುಸ್ತಕದ ಅಧ್ಯಾಯಗಳ ತಲೆಯಲ್ಲಿ ಗುಲಾಮರ ಹಾಡುಗಳ ಸ್ವರಗಳನ್ನು ಅಚ್ಚು ಹಾಕಿಸಿದರು, ಯುರೋಪಿನ ದೊಡ್ಡ ಕವಿಗಳ ಸಾಲುಗಳ ಪಕ್ಕದಲ್ಲೇ. 1935ರ ಗ್ರಂಥದ ಕೊನೆಯ ಅಧ್ಯಾಯ ಪೂರ್ತಿ ಇತಿಹಾಸದ ಪಠ್ಯಪುಸ್ತಕಗಳ ಮೇಲೆ ಇದೆ. ಕರಿಯ ಸೋಮಾರಿ, ಮೂಢ, ಆಳಲಾರ ಅಂತ ಮಕ್ಕಳಿಗೆ ಕಲಿಸಿದ್ದಾರೆ, ಅದಕ್ಕೆ ವಿರುದ್ಧವಾದ ದಾಖಲೆಗಳನ್ನು ಮುಚ್ಚಿಟ್ಟಿದ್ದಾರೆ ಅಂತ ಪುಸ್ತಕಗಳನ್ನೇ ಎದುರಿಗಿಟ್ಟು ತೋರಿಸಿದರು. ಅಂಗಡಿಯವನು ಸಾಲದ ಅಂಕಿ ತಿದ್ದಿದರೆ ಒಂದು ಮನೆ ಹಾಳು. ಶಾಲೆಯ ಪುಸ್ತಕ ತಿದ್ದಿದರೆ ಸಾಲ ಕೇಳುವವನಿಗೇ ತಾನು ಅಯೋಗ್ಯ ಅನ್ನಿಸಿಬಿಡುತ್ತದೆ. ಇನ್ನೊಂದು ಸಣ್ಣ ಸಂಗತಿ. ಇಂಗ್ಲಿಷಿನಲ್ಲಿ ಜನಾಂಗದ ಹೆಸರುಗಳು ದೊಡ್ಡಕ್ಷರದಿಂದ ಶುರುವಾಗಬೇಕು. 'ನೀಗ್ರೋ' ಎಂಬ ಆಗಿನ ಪದವನ್ನು ಮಾತ್ರ ಚಿಕ್ಕಕ್ಷರದಲ್ಲಿ ಅಚ್ಚು ಹಾಕುತ್ತಿದ್ದರು. ನಮ್ಮ ಲಿಪಿಯಲ್ಲಿ ಈ ಭೇದ ಇಲ್ಲ, ಪುಣ್ಯ. ಆ ಒಂದು ಅಕ್ಷರಕ್ಕಾಗಿ ಡುಬಾಯ್ಸ್ ವರ್ಷಗಟ್ಟಲೆ ಬರೆದರು. ನ್ಯೂಯಾರ್ಕ್ ಟೈಮ್ಸ್ ಬಗ್ಗಿದ್ದು 1930ರಲ್ಲಿ.

ಅವರನ್ನು ದೇವರು ಮಾಡುವುದು ಬೇಡ. 1953ರಲ್ಲಿ ಸ್ಟಾಲಿನ್ ಸತ್ತಾಗ ಅವರು ಹೊಗಳಿ ಬರೆದರು. ಜಮೀನು ಕಿತ್ತುಕೊಂಡ ಸಾಮೂಹಿಕ ಬೇಸಾಯದ ಬಲವಂತದಲ್ಲಿ, 1932–33ರ ಕ್ಷಾಮದಲ್ಲಿ ಲಕ್ಷಾಂತರ ರೈತರು ಸತ್ತದ್ದನ್ನು ಬಲ್ಲ ನಾವು ಆ ಹೊಗಳಿಕೆಯನ್ನು ಒಪ್ಪಲಾಗದು. ಅಂಗಡಿಯ ಪುಸ್ತಕವನ್ನು ಅಷ್ಟು ಸೂಕ್ಷ್ಮವಾಗಿ ಓದಿದ ಕಣ್ಣಿಗೆ ಅದು ಕಾಣಲಿಲ್ಲ. ಅವರು ತೆತ್ತ ಬೆಲೆಯೂ ಕಡಿಮೆಯಲ್ಲ. 83ನೇ ವಯಸ್ಸಿನಲ್ಲಿ, 1951ರಲ್ಲಿ, ಪರದೇಶದ ಏಜೆಂಟ್ ಅಂತ ಮೊಕದ್ದಮೆ ಹೂಡಿದರು. ಕೇಸು ಬಿದ್ದು ಹೋಯಿತು. ಆದರೂ 1958ರವರೆಗೆ ಪಾಸ್‌ಪೋರ್ಟ್ ಕೊಡಲಿಲ್ಲ. 1961ರಲ್ಲಿ, 93ನೇ ವಯಸ್ಸಿನಲ್ಲಿ, ಕಮ್ಯುನಿಸ್ಟ್ ಪಕ್ಷ ಸೇರಿ ಆಫ್ರಿಕದ ಘಾನಕ್ಕೆ ಹೊರಟುಬಿಟ್ಟರು. ಅಲ್ಲಿಯೇ 1963ರ ಆಗಸ್ಟ್ 27ರಂದು ತೀರಿಕೊಂಡರು. ಮಾರನೆ ದಿನವೇ ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮಹಾ ಮೆರವಣಿಗೆ.

ನಮ್ಮ ದೇಶದ ಜೊತೆ ಅವರ ನಂಟು ಹಳೆಯದು. ಲಾಲಾ ಲಜಪತರಾಯ್ ಅವರ ಸ್ನೇಹಿತರು. 1946ರಲ್ಲಿ ಡಾ. ಅಂಬೇಡ್ಕರ್ ಡುಬಾಯ್ಸ್ ಅವರಿಗೆ ಒಂದು ಪತ್ರ ಬರೆದರು. ಕರಿಯರ ಪ್ರಶ್ನೆಯನ್ನು ಓದುತ್ತ ಬಂದಿದ್ದೇನೆ, ಅದಕ್ಕೂ ಭಾರತದ ಅಸ್ಪೃಶ್ಯರ ಸ್ಥಿತಿಗೂ ಬಹಳ ಹೋಲಿಕೆ ಇದೆ, ಕರಿಯರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಬೇಕು ಅನ್ನುವುದು ಅದರ ಸಾರ. ಡುಬಾಯ್ಸ್ ಜುಲೈ 31ರಂದು ಉತ್ತರ ಬರೆದರು, ನಿಮ್ಮ ಹೆಸರು ಬಲ್ಲೆ, ಪ್ರತಿ ಕಳಿಸುತ್ತೇನೆ ಅಂತ.

ಬಣ್ಣ ಬೇರೆ, ಜಾತಿ ಬೇರೆ. ಎರಡನ್ನೂ ಒಂದೇ ಅಳತೆಯಲ್ಲಿ ತೂಗುವುದು ತಪ್ಪು. ಆದರೂ ನಿಮಗೆ ಒಂದು ಮಾತು ಕೇಳುತ್ತೇನೆ, ಕೋಪ ಬಂದರೆ ಬರಲಿ. ಮಂಡಿಯಲ್ಲಿ ನಿಮ್ಮ ಚೀಲದಿಂದ ಸೂಟು ಮುರಿಯುವ ದಲಾಲಿಯ ಮುಂದೆ ನೀವು ಕೈಕಟ್ಟಿ ನಿಲ್ಲುತ್ತೀರಿ. ಊರಿಗೆ ಬಂದ ಮೇಲೆ ನಿಮ್ಮ ಹೊಲದ ಆಳು ನಿಮ್ಮ ಜಗಲಿ ಹತ್ತಬಾರದು, ಅವನ ಲೋಟ ಬೇರೆ ಇರಬೇಕು. ಬೆಲೆಯ ಹೋರಾಟಕ್ಕೆ ಲಾರಿ ಹತ್ತಿ ಬಾ ಅಂತ ಅವನನ್ನೇ ಕರೆಯುತ್ತೀರಿ. ಬೆಲೆ ಬಂದರೆ ಅವನ ಕೂಲಿ ಎಷ್ಟು ಏರುತ್ತದೆ ಅಂತ ನಮ್ಮ ಯಾವ ಠರಾವಿನಲ್ಲಿ ಬರೆದಿದ್ದೇವೆ? 1891ರಲ್ಲಿ ಅಲೈಯನ್ಸಿನ ರೈತರೂ ಹೀಗೆ ಬರೆದಿರಲಿಲ್ಲ.

ಡುಬಾಯ್ಸ್ ಹೋದ ಮೇಲೆ ಆ ಹತ್ತಿ ಸೀಮೆ ಏನಾಯಿತು ಅಂತ ಊಟಕ್ಕೆ ಕೂತಾಗ ಒಬ್ಬರು ಕೇಳಿದರು. 1920ರಲ್ಲಿ ಅಮೆರಿಕದಲ್ಲಿ ಸುಮಾರು 9 ಲಕ್ಷ 25 ಸಾವಿರ ಕರಿಯ ಬೇಸಾಯಗಾರರಿದ್ದರು. ಆ ಶತಮಾನದ ಕೊನೆಗೆ 30 ಸಾವಿರವೂ ಉಳಿದಿರಲಿಲ್ಲ. ಊರು ಬಿಟ್ಟು ಉತ್ತರದ ಕಾರ್ಖಾನೆಗಳಿಗೆ ಹೋದವರು ಬಹಳ. ಜಮೀನು ಇಟ್ಟುಕೊಂಡು ಉಳಿದವರಿಗೆ ಅಂಗಡಿಯವನ ಜಾಗದಲ್ಲಿ ಸರ್ಕಾರದ ಕೃಷಿ ಸಾಲದ ಕಚೇರಿ ಬಂದಿತ್ತು. ಅಲ್ಲಿ ಬಿಳಿಯನಿಗೆ ಬಿತ್ತನೆಗೆ ಮುಂಚೆ ಸಾಲ, ಇವರಿಗೆ ಬಿತ್ತನೆ ಮುಗಿದ ಮೇಲೆ, ಇಲ್ಲವೇ ಇಲ್ಲ. 1997ರಲ್ಲಿ ಕರಿಯ ರೈತರು ಕೃಷಿ ಇಲಾಖೆಯ ಮೇಲೆಯೇ ದಾವಾ ಹೂಡಿದರು. 1999ರಲ್ಲಿ ರಾಜಿಯಾಯಿತು. ಅರ್ಜಿ ಒಪ್ಪಿದವರಲ್ಲಿ ಬಹುಪಾಲು ಜನರಿಗೆ ತಲಾ 50,000 ಡಾಲರ್. ಗಡುವು ಮೀರಿತು ಅಂತ ಹತ್ತಾರು ಸಾವಿರ ಅರ್ಜಿಗಳನ್ನು ಪಕ್ಕಕ್ಕೆ ಇಟ್ಟರು. ಅವರಿಗಾಗಿ 2010ರಲ್ಲಿ ಎರಡನೆಯ ರಾಜಿ ಆಗಬೇಕಾಯಿತು. ಅಷ್ಟರಲ್ಲಿ ಅರ್ಜಿ ಹಾಕಿದವರಲ್ಲಿ ಅನೇಕರು ತೀರಿಹೋಗಿದ್ದರು.